ಸಬ್ಜೆಕ್ಟ್ ಎದುರಿಗಿದ್ದ ಕಾಲ

ಮನಸ್ಸನ್ನು ಅಳೆಯುವ ಗೀಳು ಶುರುವಾದದ್ದು ಗಡಿಯಾರದಿಂದ. 1879ರಲ್ಲಿ ವಿಲ್‌ಹೆಲ್ಮ್ ವುಂಟ್ ಲೈಪ್‌ಜಿಗ್‌ನಲ್ಲಿ ತೆರೆದ ಪ್ರಯೋಗಶಾಲೆಯಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಭಾಗ ತೋರಿಸುವ ಹಿಪ್ ಕ್ರೋನೋಸ್ಕೋಪ್ ಇತ್ತು. ಮೈಸೂರಿಗೆ ಈ ವಿದ್ಯೆ ಬಂದದ್ದು 1924ರಲ್ಲಿ, ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿಯವರ ಜತೆ. 1935ರಲ್ಲಿ ಮನೆಯಲ್ಲೇ ರೇಡಿಯೋ ಕೇಂದ್ರ ಕಟ್ಟಿ ‘ಆಕಾಶವಾಣಿ’ ನಡೆಸಿದವರೂ ಅವರೇ. ಯಂತ್ರ ಕಂಡರೆ ಸುಮ್ಮನಿರದ ಮೇಷ್ಟ್ರು.

ನಾನು ಪಾಠ ಹೇಳಿದ ಕಾಲೇಜು ಲ್ಯಾಬುಗಳಲ್ಲಿ ಅಂಥ ವೈಭವವೇನೂ ಇರಲಿಲ್ಲ. ಸ್ಟಾಪ್‌ವಾಚು, ಪದಗಳನ್ನು ಒಂದೊಂದಾಗಿ ತೋರಿಸುವ ಮೆಮೊರಿ ಡ್ರಮ್ಮು, ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವ ಹಲಗೆ, ಅಷ್ಟೇ. ಮೇಜಿನ ಈಚೆ ಪ್ರಯೋಗ ಮಾಡುವ ಹುಡುಗಿ, ಆಚೆ ಸಬ್ಜೆಕ್ಟ್ ಆಗಿ ಕೂತ ಅವಳ ಗೆಳತಿ. ವಾಚು ಒತ್ತುವ ಬೆರಳೂ ಮನುಷ್ಯರದೇ ಆದ್ದರಿಂದ ಗೆಳತಿಯ ವೇಗದ ಜತೆ ಇವಳ ನಿಧಾನವೂ ಲೆಕ್ಕಕ್ಕೆ ಸೇರಿಬಿಡುತ್ತಿತ್ತು.

ರೆಕಾರ್ಡಿನ ಕೊನೆಗೆ ಇಂಟ್ರೊಸ್ಪೆಕ್ಟಿವ್ ರಿಪೋರ್ಟ್ ಇರಲೇಬೇಕು: ಪ್ರಯೋಗ ನಡೆಯುವಾಗ ಒಳಗೆ ಏನನ್ನಿಸಿತೆಂದು ಸಬ್ಜೆಕ್ಟೇ ಹೇಳುವ ನಾಲ್ಕು ಸಾಲು. ಹೆಚ್ಚಿನವರು ‘ಪ್ರಯೋಗ ಆಸಕ್ತಿಕರವಾಗಿತ್ತು’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಒಬ್ಬಾಕೆ ಮಾತ್ರ, ಮೂಲೆ ಬಂದಾಗಲೆಲ್ಲ ಕನ್ನಡಿ ನೋಡುವುದನ್ನು ಬಿಟ್ಟು ಕೈಯ ಅಂದಾಜಿನಲ್ಲೇ ಗೆರೆ ತಿರುಗಿಸಿದೆ ಎಂದು ಬರೆದಿದ್ದಳು. ಅವಳ ಗ್ರಾಫು ಅಷ್ಟು ಬೇಗ ಇಳಿದದ್ದೇಕೆ ಎಂದು ನನಗೆ ತಿಳಿದದ್ದು ಆ ಸಾಲಿನಿಂದ.

1960ರ ದಶಕದಲ್ಲಿ ಪಿಡಿಪಿ-8ರಂಥ ಮಿನಿಕಂಪ್ಯೂಟರುಗಳು ಅಮೆರಿಕದ ಲ್ಯಾಬುಗಳಿಗೆ ಕಾಲಿಟ್ಟವು. 1981ರಲ್ಲಿ ಐಬಿಎಂ ಪಿಸಿ ಬಂದ ಮೇಲೆ ಕಂಪ್ಯೂಟರು ಸಾಮಾನ್ಯ ಇಲಾಖೆಗಳಿಗೂ ಎಟುಕಿತು. ಬೆರಳಿನ ತಪ್ಪು ಹೋಯಿತು, ಯಂತ್ರದ ತಪ್ಪು ಬಂತು. ಪರದೆ ಸೆಕೆಂಡಿಗೆ 60 ಸಲ ಹೊಸದಾಗಿ ಮೂಡುತ್ತದೆ ಅನ್ನಿ. ಆಗ ಚಿತ್ರ ಬೇಕಾದ ಕ್ಷಣಕ್ಕೆ ಬರುವುದಿಲ್ಲ, ಸುಮಾರು 17 ಮಿಲಿಸೆಕೆಂಡಿಗೊಂದು ಸರದಿಗೆ ಕಾಯಬೇಕು. ಕೀಬೋರ್ಡಿನದು ಬೇರೆಯೇ ವಿಳಂಬ. ಇದನ್ನೆಲ್ಲ ಸಂಭಾಳಿಸಲೆಂದೇ ಸೈಕ್‌ಟೂಲ್‌ಬಾಕ್ಸ್, ಈಗ ಪುಕ್ಕಟೆ ಸಿಗುವ ಸೈಕೋಪೈ ಮುಂತಾದ ತಂತ್ರಾಂಶಗಳು ಹುಟ್ಟಿದವು.

1995ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಉಲ್ಫ್ ರೈಪ್ಸ್ ಪ್ರಯೋಗಶಾಲೆಯನ್ನೇ ವೆಬ್ಬಿನಲ್ಲಿಟ್ಟರು. 1998ರಲ್ಲಿ ಗ್ರೀನ್‌ವಾಲ್ಡ್, ನೋಸೆಕ್ ಮತ್ತು ನಮ್ಮ ಸಿಕಂದರಾಬಾದಿನಲ್ಲಿ ಹುಟ್ಟಿದ ಮಹಜರೀನ್ ಬಾನಾಜಿ ಪ್ರಾಜೆಕ್ಟ್ ಇಂಪ್ಲಿಸಿಟ್ ಆರಂಭಿಸಿದರು. ಎಡಗೈಗೆ ‘ಇ’ ಕೀಲಿ, ಬಲಗೈಗೆ ‘ಐ’ ಕೀಲಿ. ಮುಖ ಮತ್ತು ಪದಗಳನ್ನು ಸರಸರನೆ ಎರಡು ಗುಂಪಿಗೆ ಹಂಚಬೇಕು. ಯಾವ ಜೋಡಿಗೆ ಬೆರಳು ತಡವರಿಸುತ್ತದೆ ಎಂಬುದರಿಂದ ಒಳಗಿನ ಪೂರ್ವಗ್ರಹ ಊಹಿಸುವ ಪರೀಕ್ಷೆ ಅದು. ಲಕ್ಷಾಂತರ ಜನ ಮನೆಯಿಂದಲೇ ಆಡಿದರು. ಆದರೆ ಆ ತಡವರಿಕೆ ನಿಜಕ್ಕೂ ಏನನ್ನು ಅಳೆಯುತ್ತದೆ ಎಂಬ ಜಗಳ ಇನ್ನೂ ಮುಗಿದಿಲ್ಲ.

2005ರಲ್ಲಿ ಅಮೆಜಾನ್ ತೆರೆದ ಮೆಕ್ಯಾನಿಕಲ್ ಟರ್ಕ್ ಎಂಬ ಚಿಲ್ಲರೆ ಕೆಲಸದ ಸಂತೆಗೆ ಸಂಶೋಧಕರೂ ಹೊಕ್ಕರು. ಅಲ್ಲಿ ದುಡಿಯುವವರಲ್ಲಿ ಅಮೆರಿಕನ್ನರನ್ನು ಬಿಟ್ಟರೆ ಭಾರತೀಯರೇ ಹೆಚ್ಚು. ವರ್ಷಗಟ್ಟಲೆ ಹಿಡಿಯುತ್ತಿದ್ದ ಮಾಹಿತಿ ಒಂದು ಮಧ್ಯಾಹ್ನದಲ್ಲಿ ಕೈಸೇರತೊಡಗಿತು. 2018ರಲ್ಲಿ ಗುಲ್ಲೆದ್ದಿತು: ಉತ್ತರಿಸುತ್ತಿರುವವರು ಮನುಷ್ಯರೋ ಬಾಟ್‌ಗಳೋ? ಅನೇಕ ಉತ್ತರಗಳು ಒಂದೇ ಜಿಪಿಎಸ್ ತಾಣದಿಂದ ಬಂದಿದ್ದವು. ನಿಮ್ಮ ಮಾತಿನಲ್ಲಿ ಬರೆಯಿರಿ ಎಂದು ಬಿಟ್ಟ ಖಾಲಿ ಜಾಗದಲ್ಲಿ ಪ್ರಶ್ನೆಗೆ ಸಂಬಂಧವೇ ಇಲ್ಲದ ‘ಗುಡ್’, ‘ನೈಸ್’ ತುಂಬಿದ್ದವು. ಟಿಕ್ ಮಾಡಿದ ಉತ್ತರಗಳಲ್ಲಿ ಅಡಗಿದ್ದ ಕಳ್ಳತನ ಇಲ್ಲಿ ಬಯಲಾಯಿತು.

ಕಂಪ್ಯೂಟರು ನಮಗೆ ಮಿಲಿಸೆಕೆಂಡನ್ನೂ ಜನರಾಶಿಯನ್ನೂ ಕೊಟ್ಟಿತು. ಹಳೇ ಶಾಸ್ತ್ರವೆಂದು ನಾವೇ ಕಡೆಗಣಿಸಿದ್ದ ಆ ನಾಲ್ಕು ಸಾಲಿನ ವರದಿಗೆ ಅದರಿಂದಲೇ ಬೆಲೆ ಬಂತು. ಈಗ ಚಾಟ್‌ಬಾಟ್‌ಗಳು ಆ ಸಾಲುಗಳನ್ನೂ ಸೊಗಸಾಗಿ ಬರೆದುಕೊಡುತ್ತವೆ. ಅದಕ್ಕೇ, ಸಲಹೆ ಕೇಳಿ ಬರುವ ಪಿಎಚ್‌ಡಿ ಹುಡುಗರಿಗೆ ನಾನು ಹೇಳುವುದಿಷ್ಟು: ಆನ್‌ಲೈನಿನಲ್ಲಿ ಸಾವಿರ ಜನರನ್ನು ಹಿಡಿಯಿರಿ, ಬೇಡ ಅನ್ನುವುದಿಲ್ಲ, ಆದರೆ ಹತ್ತು ಜನರನ್ನಾದರೂ ಎದುರಿಗೆ ಕೂರಿಸಿಕೊಂಡು, ಏನನ್ನಿಸಿತು ಎಂದು ಕೇಳಿ.