ಅಪ್ಪ ಬರೆಸಿದ ಕಾಗದಗಳು ಎಲ್ಲಿ ಹೋದವು?

ಕರಾವಳಿಯ ಹಳೆ ಮನೆಗಳ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ ಇದ್ದೇ ಇರುತ್ತದೆ. ಮಳೆಗಾಲಕ್ಕೆ ಮುಂಚೆ ಹೆಂಚು ಸರಿಮಾಡಲು ಹತ್ತಿದಾಗ ನಮ್ಮ ಮನೆಯದನ್ನೂ ಕೆಳಗಿಳಿಸಿದೆವು. ಒಳಗೆ ಜಾಗದ ಕಾಗದಪತ್ರ, ತೀರ್ವೆ ರಶೀದಿ, ಮತ್ತೆ ನೂಲಿನಲ್ಲಿ ಕಟ್ಟಿದ ನೀಲಿ ಏರೋಗ್ರಾಂಗಳು. ಎಲ್ಲವೂ ದೊಡ್ಡಪ್ಪ ಕುವೈತಿನಿಂದ ಅಜ್ಜನಿಗೆ ಬರೆದವು.

ಓದುತ್ತಾ ಕೂತವರಿಗೆ ಒಂದು ಸಂಗತಿ ತಡವಾಗಿ ಹೊಳೆಯಿತು. ಪ್ರತಿ ಕಾಗದವೂ 'ನಿಮ್ಮ ಕಾಗದ ತಲುಪಿತು' ಎಂದೇ ಶುರುವಾಗುತ್ತದೆ. ಆ 'ನಿಮ್ಮ ಕಾಗದ' ಮಾತ್ರ ಒಂದೂ ನಮ್ಮಲ್ಲಿಲ್ಲ. ಪರವೂರಿಗೆ ಹೋದ ಮಕ್ಕಳು ಬರೆದದ್ದು ಊರಿನ ಪೆಟ್ಟಿಗೆಯಲ್ಲಿದೆ. ಊರಲ್ಲಿ ಗದ್ದೆ ನೋಡಿಕೊಂಡಿದ್ದ ಅಪ್ಪಂದಿರು ಬರೆಸಿದ್ದು ಏನಾಯಿತು? ಅದನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹೆಬ್ಬೆಟ್ಟೇ ಉತ್ತರ

ನಮ್ಮ ದೇಶದಲ್ಲಿ ಪೋಸ್ಟ್ ಕಾರ್ಡ್ ಬಂದದ್ದು 1879ರಲ್ಲಿ, ಬೆಲೆ ಕಾಲಾಣೆ. ಮರುವರ್ಷ 1880ರಲ್ಲಿ ಅಂಚೆ ಇಲಾಖೆಯ ಮನಿಯಾರ್ಡರ್ ಶುರುವಾಯಿತು. ದಕ್ಷಿಣ ಕನ್ನಡದ ಗೇಣಿ ಒಕ್ಕಲುಗಳ ಮಕ್ಕಳು ಮುಂಬಯಿಯ ಹೋಟೆಲುಗಳಿಗೆ ಲೋಟ ತೊಳೆಯಲು ಹೋದಾಗ ಮನೆಯನ್ನೂ ಮಗನನ್ನೂ ಜೋಡಿಸಿದ್ದು ಇವೆರಡೇ.

ಮನಿಯಾರ್ಡರ್ ಫಾರ್ಮಿನ ಒಂದು ತುದಿಯಲ್ಲಿ ಕಳಿಸಿದವರು ನಾಲ್ಕು ಮಾತು ಬರೆಯಲು ಜಾಗ ಇರುತ್ತಿತ್ತು. ಪೋಸ್ಟ್‌ಮ್ಯಾನ್ ದುಡ್ಡು ಎಣಿಸಿ ಕೊಟ್ಟು, ಆ ನಾಲ್ಕು ಮಾತನ್ನು ಜಗಲಿಯಲ್ಲಿ ಓದಿ ಹೇಳುತ್ತಿದ್ದ. ದುಡ್ಡು ಮುಟ್ಟಿದ್ದಕ್ಕೆ ಅಪ್ಪ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರೆ, ಆ ಚೀಟಿ ಅಂಚೆಯಲ್ಲೇ ವಾಪಸು ಮಗನಿಗೆ ಹೋಗುತ್ತಿತ್ತು. ಓದುಬರಹ ತಿಳಿಯದ ಅಪ್ಪನಿಂದ ಮಗನಿಗೆ ಎಷ್ಟೋ ಸಲ ಸಿಗುತ್ತಿದ್ದ ಉತ್ತರ ಆ ಮಸಿಯ ಗುರುತು ಒಂದೇ. ಅಪ್ಪ ಇದ್ದಾನೆ, ದುಡ್ಡು ಮುಟ್ಟಿದೆ. ಅಷ್ಟು ಗೊತ್ತಾದರೆ ಆ ತಿಂಗಳಿಗೆ ಸಾಕು.

ಜಾಗ ಬಂತು, ಮಗ ಹೋದ

1973ರ ಕೊನೆಗೆ ತೈಲದ ಬೆಲೆ ಏರಿತು. ಕೊಲ್ಲಿ ದೇಶಗಳಲ್ಲಿ ರಸ್ತೆ, ಬಂದರು, ಕಟ್ಟಡಗಳ ಕೆಲಸ ಜೋರಾಗಿ, ಕರಾವಳಿಯ ಹುಡುಗರು ಹಡಗು, ವಿಮಾನ ಹತ್ತಿದರು. ಅದೇ ಹೊತ್ತಿಗೆ ಇಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಆಯಿತು. ದೇವರಾಜ ಅರಸರ ಸರ್ಕಾರದ ತಿದ್ದುಪಡಿಯಿಂದ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಒಕ್ಕಲುಗಳು ಡಿಕ್ಲರೇಷನ್ ಕೊಟ್ಟು ಭೂನ್ಯಾಯ ಮಂಡಳಿಯ ಮುಂದೆ ನಿಂತರು.

ನಮ್ಮ ಮನೆಯಲ್ಲಿ ಎರಡೂ ಒಟ್ಟಿಗೆ ನಡೆದವು. ಅಜ್ಜ ಮಂಡಳಿಗೆ ಅಲೆಯುತ್ತಿದ್ದಾಗಲೇ, 1976ರಲ್ಲಿ, ದೊಡ್ಡಪ್ಪ ಕುವೈತಿಗೆ ಹೋದರು. ಹಾಗಾಗಿ ಅವರ ಕಾಗದಗಳ ತುಂಬ ಜಾಗದ್ದೇ ಮಾತು. 'ವಾಯಿದೆಗೆ ತಪ್ಪದೆ ಹೋಗಿ', 'ಸರ್ವೆಯವರು ಬಂದರೇ', 'ಮೇಲಿನ ಗದ್ದೆಯನ್ನು ಹಡಿಲು ಬಿಡಬೇಡಿ, ಆಳಿನ ಸಂಬಳ ನಾನು ಕಳಿಸುತ್ತೇನೆ'. ಈ ಉತ್ತರಗಳನ್ನು ಓದಿದರೆ ಅಜ್ಜನ ಪ್ರಶ್ನೆ ಏನಿತ್ತೆಂದು ಊಹಿಸಬಹುದು. ಕಳೆದುಹೋದ ಕಾಗದಗಳನ್ನು ಹೀಗೆ ಉತ್ತರದಿಂದಲೇ ಹಿಡಿಯಬೇಕು.

ಅಜ್ಜ ಕಾಗದ ಬರೆಸುತ್ತಿದ್ದದ್ದು ಶಾಲೆಯ ಮಾಸ್ಟರರ ಹತ್ತಿರ. ಮನೆಯ ಮಾತು ತುಳು. ಶಾಲೆಯಲ್ಲಿ ಕಲಿಸುತ್ತಿದ್ದದ್ದು ಕನ್ನಡ, ಹಾಗಾಗಿ ಕಾಗದವೂ ಕನ್ನಡ. ಅಜ್ಜ ತುಳುವಿನಲ್ಲಿ ಹೇಳಿದ್ದು ಮಾಸ್ಟರರ ಪೆನ್ನಿಗೆ ಬರುವಷ್ಟರಲ್ಲಿ 'ಚಿರಂಜೀವಿಗೆ ನಿನ್ನ ತಂದೆ ಮಾಡುವ ಆಶೀರ್ವಾದಗಳು, ಇತ್ತ ನಾವೆಲ್ಲ ಕ್ಷೇಮ' ಎಂದಾಗುತ್ತಿತ್ತು. ಕ್ಷೇಮ ಇಲ್ಲದಿದ್ದರೂ ಹಾಗೇ ಬರೆಯುವುದು ರೂಢಿ. ಅದೂ ಅಲ್ಲದೆ, ಸಾಲ ಇದೆ, ಅಕ್ಕಿ ಮುಗಿದಿದೆ ಎಂದು ಊರಿನ ಮಾಸ್ಟರರ ಎದುರು ಹೇಗೆ ಬಾಯಿಬಿಡುವುದು? ಆಚೆ ಕಡೆಯೂ ಕಾಗದ ನೇರ ಮಗನ ಕೈಗೆ ಹೋಗುತ್ತಿರಲಿಲ್ಲ. ಕಂಪನಿಯ ಪಿ.ಓ. ಬಾಕ್ಸಿಗೆ ಹೋಗಿ, ಅಲ್ಲಿಂದ ಕೋಣೆಗೆ ಬರಬೇಕು.

1983ರ ಒಂದು ಏರೋಗ್ರಾಂನಲ್ಲಿ ದೊಡ್ಡಪ್ಪ ಬರೆದಿದ್ದಾರೆ: 'ಅಮ್ಮನಿಗೆ ಹುಷಾರಿಲ್ಲವೆಂದು ರಜೆ ಮುಗಿಸಿ ಬಂದವರಿಂದ ತಿಳಿಯಿತು. ನೀವು ಯಾಕೆ ಬರೆಸಲಿಲ್ಲ?' ಅದಕ್ಕೆ ಅಜ್ಜ ಏನು ಉತ್ತರ ಬರೆಸಿದರೋ, ಮುಂದಿನ ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ. ಅಜ್ಜಿ ತೀರಿಕೊಂಡ ಸುದ್ದಿ ಟೆಲಿಗ್ರಾಂನಲ್ಲಿ ಹೋಯಿತು. ದೊಡ್ಡಪ್ಪನಿಗೆ ಬೊಜ್ಜಕ್ಕೂ ಬರಲಾಗಲಿಲ್ಲ.

ಕುವೈತಿನ ಸೂಟ್‌ಕೇಸ್

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಅಂಚೆ ನಿಂತಿತು, ಫೋನು ನಿಂತಿತು. ಅಲ್ಲಿದ್ದ ಭಾರತೀಯರು ಇರಾಕ್ ದಾಟಿ ಜೋರ್ಡಾನಿನ ಅಮ್ಮಾನ್ ಸೇರಬೇಕಾಯಿತು. ಅಲ್ಲಿಂದ ಏರ್ ಇಂಡಿಯಾ ವಿಮಾನಗಳು ಸುಮಾರು ಎರಡು ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದವು. ಆ ದಿನಗಳಲ್ಲಿ ಅಜ್ಜ ಗದ್ದೆಗೆ ಹೋಗುವಾಗಲೂ ರೇಡಿಯೋ ಹಿಡಿದುಕೊಂಡೇ ಹೋಗುತ್ತಿದ್ದರಂತೆ.

ದೊಡ್ಡಪ್ಪ ಸೆಪ್ಟೆಂಬರಿನಲ್ಲಿ ಒಂದು ಕೈಚೀಲ ಹಿಡಿದು ಮನೆ ಸೇರಿದರು. ಅಜ್ಜ ಬರೆಸಿದ 14 ವರ್ಷಗಳ ಕಾಗದಗಳು ಸೂಟ್‌ಕೇಸಿನಲ್ಲಿದ್ದವು. ಆ ಸೂಟ್‌ಕೇಸ್ ಕುವೈತಿನ ಕೋಣೆಯಲ್ಲೇ ಉಳಿಯಿತು. ಈ ಸಲ ಕೇಳಿದ ಮೇಲೆಯೇ ಅವರು ಇದನ್ನು ಹೇಳಿದ್ದು.

ಶುಕ್ರವಾರದ ಫೋನು

ಫೋನಿನ ಕತೆಯಲ್ಲಿ ನಮ್ಮ ರಾಜ್ಯಕ್ಕೂ ಒಂದು ಜಾಗ ಇದೆ. ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ತಯಾರಿಸಿದ 128 ಲೈನಿನ ಸಣ್ಣ ಎಕ್ಸ್‌ಚೇಂಜನ್ನು ಮೊದಲು ಕೂರಿಸಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಮುಂದೆ ಪೇಟೆ ಪೇಟೆಯಲ್ಲಿ ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತುಗಳು ಬಂದವು.

ದೊಡ್ಡಪ್ಪ ಎರಡು ವರ್ಷ ಊರಲ್ಲಿದ್ದು ದುಬೈಗೆ ಹೋದರು. ಇಲ್ಲಿಂದ ಫೋನು ಮಾಡಿದರೆ ಒಂದು ದಿನದ ಕೂಲಿ ನಿಮಿಷದಲ್ಲಿ ಹೋಗುತ್ತದೆ, ಹಾಗಾಗಿ ಅವರೇ ಬೂತಿಗೆ ಮಾಡಬೇಕು. ಅಲ್ಲಿ ಆಗ ಶುಕ್ರವಾರ ರಜೆ, ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಶುಕ್ರವಾರ ಮಧ್ಯಾಹ್ನ ಅಜ್ಜ ನೇಜಿ ನೆಡುವ ಕೆಲಸವನ್ನೂ ಬಿಟ್ಟು ಶುಭ್ರ ಅಂಗಿ ಹಾಕಿ ಬೂತಿನ ಬೆಂಚಿನಲ್ಲಿ ಕೂರುತ್ತಿದ್ದರು. ಮಾತು ತುಳುವಿನಲ್ಲೇ. ಆದರೆ ಬೆಂಚಿನಲ್ಲಿ ಇನ್ನೂ ನಾಲ್ಕು ಜನ ಇರುತ್ತಿದ್ದರಲ್ಲ? ಮಾಸ್ಟರರ ಎದುರು ಹೇಳದ ಮಾತನ್ನು ಇಲ್ಲಿಯೂ ಹೇಳಲಿಲ್ಲ.

ಹಾಗಾದರೆ ಊರಿನ ಕಷ್ಟ ನಿಮಗೆ ಹೇಗೆ ಗೊತ್ತಾಗುತ್ತಿತ್ತು ಎಂದು ದೊಡ್ಡಪ್ಪನನ್ನು ಕೇಳಿದೆವು. "ಬಾವಿಯಿಂದ" ಎಂದರು.

ಅಜ್ಜ ಪ್ರತಿ ಕಾಗದದ ಕೊನೆಗೆ, ಪ್ರತಿ ಫೋನಿನ ಕೊನೆಗೆ, ಬಾವಿಯಲ್ಲಿ ನೀರು ಎಷ್ಟಿದೆ ಎಂದು ಹೇಳುತ್ತಿದ್ದರಂತೆ. ನಮ್ಮಲ್ಲಿ ಏಣೆಲು ಬೆಳೆ ಮಳೆಯಲ್ಲಿ ಆಗುತ್ತದೆ. ಸುಗ್ಗಿಗೆ ತೋಡಿನ ನೀರು ಸಾಕು. ಮೂರನೆಯ ಕೊಳಕೆ ಬೆಳೆ ಮಾತ್ರ ಬಾವಿಯನ್ನೇ ನಂಬಿದೆ. ಫೆಬ್ರವರಿಯಲ್ಲೇ ನೀರು ಇಳಿದರೆ ಕೊಳಕೆ ಇಲ್ಲ, ಮಳೆಗಾಲದ ಅಕ್ಕಿಗೆ ಸಾಲ ಮಾಡಬೇಕು. "ನೀರು ತಳ ಹಿಡಿದಿದೆ ಅಂದರೆ ನಾನು ಆ ತಿಂಗಳು ಸ್ವಲ್ಪ ಹೆಚ್ಚು ಕಳಿಸುತ್ತಿದ್ದೆ. ಯಾಕೆ ಹೆಚ್ಚು ಕಳಿಸಿದೆ ಅಂತ ಅಪ್ಪ ಒಂದು ದಿನವೂ ಕೇಳಲಿಲ್ಲ."

ಈಗ ದೊಡ್ಡಪ್ಪ ಊರಲ್ಲಿ ಗದ್ದೆ ನೋಡಿಕೊಂಡಿದ್ದಾರೆ, ಅವರ ಮಗ ದುಬೈಯಲ್ಲಿದ್ದಾನೆ. ಅಲ್ಲಿ ವಾಟ್ಸ್ಆ್ಯಪ್ ಕರೆಗೆ ಬಹಳ ಕಾಲದಿಂದ ನಿರ್ಬಂಧ ಇರುವುದರಿಂದ ಇಬ್ಬರೂ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ದೊಡ್ಡಪ್ಪ ಗದ್ದೆಯ ಬದುವಿನಲ್ಲಿ ನಿಂತು, ಯಾರೂ ಇಲ್ಲದ ಹೊತ್ತು ನೋಡಿ ತುಳುವಿನಲ್ಲಿ ಮಾತಾಡುತ್ತಾರೆ. ಅಜ್ಜನಿಗೆ ಸಿಗದ ಅನುಕೂಲ ಇದು. ಆದರೆ ಹೋದ ವರ್ಷ ಫೋನು ನೀರಿಗೆ ಬಿದ್ದು, ಅಲ್ಲಿಯವರೆಗಿನ ಮೆಸೇಜುಗಳೆಲ್ಲ ಹೋದವು. ಏರೋಗ್ರಾಂಗಳು ಮಾತ್ರ ಅಟ್ಟದಲ್ಲಿ 40 ವರ್ಷ ಉಳಿದವು.

ನಿಮ್ಮ ಮನೆಯಲ್ಲೂ ಪೆಟ್ಟಿಗೆ ಇದ್ದರೆ ಮಳೆ, ಗೆದ್ದಲು ಮುಟ್ಟುವ ಮೊದಲು ಇಳಿಸಿ, ಕಾಗದಗಳ ಫೋಟೋ ತೆಗೆದಿಡಿ. ಪರವೂರಲ್ಲಿರುವ ನಿಮ್ಮವರ ಹತ್ತಿರ ಅಪ್ಪನ ಕಾಗದ ಒಂದಾದರೂ ಉಳಿದಿದೆಯೇ ಕೇಳಿ. ನಾವು ದೊಡ್ಡಪ್ಪನ ಹತ್ತಿರ ಕೂತು, ಅಜ್ಜ ಬರೆಸಿದ್ದರಲ್ಲಿ ಅವರಿಗೆ ನೆನಪಿರುವುದನ್ನು ಬರೆದುಕೊಳ್ಳುತ್ತಿದ್ದೇವೆ. ಇದುವರೆಗೆ ಮೂರು ಪುಟ ಆಗಿದೆ.