ಸಾಮೂಹಿಕ ಸ್ತೋತ್ರ ಪಠಣ: ಕೂಡಿ ಹಾಡುವುದರಿಂದ ಮನಸ್ಸಿಗೆ ದೊರೆಯುವ ಸಾಂತ್ವನ

ಬಸದಿಯಲ್ಲಿ, ಮನೆಯಲ್ಲಿ ಅಥವಾ ರೋಗಿಯ ಹಾಸಿಗೆಯ ಬಳಿ ಹಲವರು ಕೂಡಿ ಸ್ತೋತ್ರ, ಭಜನೆಗಳನ್ನು ಹಾಡುವುದು ಜೈನ ಸಮಾಜದಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಇದರಿಂದ ಸಿಗುವ ಫಲವೇನು, ಅದರ ಮಿತಿ ಯಾವುದು ಎಂಬುದನ್ನು ಶಾಸ್ತ್ರ ಮತ್ತು ವಿಜ್ಞಾನ ಎರಡೂ ತಮ್ಮ ತಮ್ಮ ರೀತಿಯಲ್ಲಿ ತಿಳಿಸುತ್ತವೆ.

ಶಾಸ್ತ್ರದ ನೆಲೆ

ಆರು ಆವಶ್ಯಕಗಳಲ್ಲಿ ಚತುರ್ವಿಂಶತಿ ಸ್ತವ ಮತ್ತು ವಂದನೆ ಸೇರಿವೆ. ತತ್ತ್ವಾರ್ಥಸೂತ್ರವು ಹೇಳುವ ಐದು ಬಗೆಯ ಸ್ವಾಧ್ಯಾಯದಲ್ಲಿ 'ಆಮ್ನಾಯ' ಒಂದು. ಶುದ್ಧ ಉಚ್ಚಾರಣೆಯಿಂದ ಮತ್ತೆ ಮತ್ತೆ ಪಠಿಸುವುದು ಎಂದು ಅದರ ಅರ್ಥ. ವೀತರಾಗನಾದ ಜಿನನು ಸ್ತುತಿಗೆ ಒಲಿಯುವವನಲ್ಲ, ನಿಂದೆಗೆ ಮುನಿಯುವವನೂ ಅಲ್ಲ. ಆದರೆ ಅವನ ಗುಣಸ್ಮರಣೆಯಿಂದ ಹಾಡುವವರ ಚಿತ್ತ ಶುದ್ಧವಾಗುತ್ತದೆ ಎಂಬುದು ಆಚಾರ್ಯ ಸಮಂತಭದ್ರರು ಸ್ವಯಂಭೂಸ್ತೋತ್ರದಲ್ಲಿ ತಿಳಿಸಿರುವ ಮಾತು.

ಸ್ತೋತ್ರಗಳ ಹಿಂದಿನ ಕಥೆಗಳು

ಪ್ರಸಿದ್ಧ ಸ್ತೋತ್ರಗಳಲ್ಲಿ ಹಲವಕ್ಕೆ ಸಂಕಟದ ಕಥೆಗಳಿವೆ. ಮಾನತುಂಗಾಚಾರ್ಯರು ಸೆರೆಯಲ್ಲಿದ್ದಾಗ ಭಕ್ತಾಮರ ಸ್ತೋತ್ರವನ್ನು ರಚಿಸಿದರು, ಒಂದೊಂದೇ ಬೀಗ ಕಳಚಿ ಬಿತ್ತು ಎನ್ನುತ್ತಾರೆ. ಹಾವು ಕಚ್ಚಿದ ಮಗನ ಕಥೆ ಧನಂಜಯ ಕವಿಯ ವಿಷಾಪಹಾರ ಸ್ತೋತ್ರಕ್ಕೂ, ಕುಷ್ಠರೋಗ ವಾಸಿಯಾದ ಕಥೆ ವಾದಿರಾಜರ ಏಕೀಭಾವ ಸ್ತೋತ್ರಕ್ಕೂ ಸೇರಿಕೊಂಡಿವೆ. ನೋವಿನ ನಡುವೆಯೂ ಮನಸ್ಸು ಕದಡದೆ ನಿಲ್ಲಬಲ್ಲದು ಎಂಬುದು ಈ ಮೂರೂ ಕಥೆಗಳ ತಿರುಳು. ಇವನ್ನು ಔಷಧಿ ಬಿಡಲು ನೆಪವಾಗಿ ಬಳಸಬಾರದು.

ಉಸಿರು ಮತ್ತು ಲಯ

ದಿಗಂಬರ ಪರಂಪರೆಯಲ್ಲಿ ಭಕ್ತಾಮರದ 48 ಶ್ಲೋಕಗಳು, ಶ್ವೇತಾಂಬರರಲ್ಲಿ 44. ಎಲ್ಲವೂ ಪಾದಕ್ಕೆ 14 ಅಕ್ಷರಗಳ ವಸಂತತಿಲಕ ವೃತ್ತದಲ್ಲಿವೆ. ಹೀಗಾಗಿ ಬಾಯಿಪಾಠ ಬಾರದವರೂ ಮೂರು ನಾಲ್ಕು ಶ್ಲೋಕಗಳಾಗುವಷ್ಟರಲ್ಲಿ ಧಾಟಿ ಹಿಡಿಯುತ್ತಾರೆ. ಒಂದೇ ಕಡೆ ನಿಲ್ಲಿಸಿ, ಒಂದೇ ಕಡೆ ಎತ್ತಿಕೊಳ್ಳುವುದರಿಂದ ಎಲ್ಲರ ಉಸಿರೂ ಒಂದೇ ಲಯಕ್ಕೆ ಬರುತ್ತದೆ. ರತ್ನಾಕರವರ್ಣಿಯು 16ನೇ ಶತಮಾನದಲ್ಲಿ ಭರತೇಶ ವೈಭವವನ್ನು ಹಾಡಲು ಒದಗುವ ಸಾಂಗತ್ಯದಲ್ಲಿ ಬರೆದದ್ದೂ ಇಲ್ಲಿ ಸ್ಮರಣೀಯ.

2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು, ಕ್ರೈಸ್ತ ಜಪಮಾಲೆ ಪ್ರಾರ್ಥನೆ ಅಥವಾ ಬೌದ್ಧ ಮಂತ್ರವನ್ನು ಪಠಿಸುವಾಗ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯುವುದನ್ನು ಕಂಡಿತು. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ, ಕೂಡಿ ಹಾಡುವವರ ಹೃದಯ ಬಡಿತಗಳು ಹಾಡಿನ ರಚನೆಗೆ ತಕ್ಕಂತೆ ಒಟ್ಟಿಗೆ ಏರಿಳಿಯುತ್ತವೆ ಎಂದು ತೋರಿಸಿದರು. ಉಸಿರನ್ನು ನಿಧಾನವಾಗಿ ಬಿಟ್ಟಷ್ಟೂ ದೇಹದ ಉದ್ವೇಗ ತಗ್ಗುತ್ತದೆ.

ಸಲ್ಲೇಖನ ಮತ್ತು ಶೋಕದ ಸಂದರ್ಭ

ಈ ರೂಢಿಯ ನಿಜವಾದ ಬೆಲೆ ತಿಳಿಯುವುದು ಕೊನೆಗಾಲದಲ್ಲಿ. ಸಲ್ಲೇಖನ ಸ್ವೀಕರಿಸಿದವರ ಬಳಿ ಶ್ರಾವಕ-ಶ್ರಾವಿಕೆಯರು ಸರದಿಯಂತೆ ಕುಳಿತು ಪಂಚನಮಸ್ಕಾರ ಮಂತ್ರ ಮತ್ತು ಸ್ತೋತ್ರಗಳನ್ನು ಪಠಿಸುತ್ತಾರೆ. ಮಾತನಾಡುವ ಶಕ್ತಿ ಉಡುಗಿದ ಮೇಲೂ ಅವರ ಪರಿಣಾಮಗಳು ಶಾಂತವಾಗಿರಲಿ ಎಂಬುದು ಉದ್ದೇಶ. ಸುತ್ತ ಕುಳಿತ ಮನೆಯವರಿಗೂ ಇದರಿಂದ ಆಸರೆ. ಅಳು ಒತ್ತರಿಸಿ ಬಂದಾಗ ಒಬ್ಬರ ದನಿ ನಿಂತರೂ ಉಳಿದವರು ಮುಂದುವರಿಸುತ್ತಾರೆ. ಸುಧಾರಿಸಿಕೊಂಡವರು ಮತ್ತೆ ಸೇರಿಕೊಳ್ಳುತ್ತಾರೆ. ಒಬ್ಬರೇ ಹೊರಲಾರದ ದುಃಖವನ್ನು ಹತ್ತು ಜನ ಹಂಚಿಕೊಳ್ಳುವ ಬಗೆ ಇದು.

ಮರೆವಿನ ಕಾಯಿಲೆಯಿರುವ ಹಿರಿಯರು ಮಕ್ಕಳ ಹೆಸರನ್ನು ಮರೆತರೂ ಎಳವೆಯಲ್ಲಿ ಕಲಿತ ಹಾಡಿಗೆ ದನಿಗೂಡಿಸುವುದುಂಟು. ಅಂಥವರನ್ನು ಪಠಣದಿಂದ ದೂರ ಇಡದೆ ಪಕ್ಕದಲ್ಲೇ ಕೂರಿಸಿಕೊಳ್ಳುವುದು ಒಳ್ಳೆಯದು.

ಪಠಣ ನಡೆಸುವವರು ಗಮನಿಸಬೇಕಾದದ್ದು

- ಹಿರಿಯರಿಗೂ ಮಕ್ಕಳಿಗೂ ನಿಲುಕುವ ಶ್ರುತಿಯಲ್ಲಿ ಆರಂಭಿಸಬೇಕು.
- ಒಬ್ಬರು ಹೇಳಿಕೊಟ್ಟು ಉಳಿದವರು ಹೇಳುವ ಕ್ರಮ ಹೊಸಬರಿಗೆ ಅನುಕೂಲ.
- ಶ್ಲೋಕದ ಅರ್ಥವನ್ನು ಕನ್ನಡದಲ್ಲಿ ಒಂದೆರಡು ಮಾತಿನಲ್ಲಿ ತಿಳಿಸಬೇಕು.
- ರೋಗಿಯ ಬಳಿ ಧ್ವನಿವರ್ಧಕ ಬೇಡ. ಅವರು ಬಳಲಿದಂತೆ ಕಂಡರೆ ದನಿ ತಗ್ಗಿಸಬೇಕು ಅಥವಾ ಮೌನವಾಗಿ ಕೂರಬೇಕು.
- ಕಂಠ ಚೆನ್ನಾಗಿಲ್ಲವೆಂದು ಯಾರನ್ನೂ ಸುಮ್ಮನಾಗಿಸಬಾರದು.

ಭಾದ್ರಪದದ ದಶಲಕ್ಷಣ ಪರ್ವದ ಹತ್ತು ದಿನಗಳು ಇಂಥ ಪಠಣವನ್ನು ಆರಂಭಿಸಲು ತಕ್ಕ ಸಮಯ. ಪರ್ವ ಮುಗಿದ ಮೇಲೂ ವಾರಕ್ಕೊಮ್ಮೆ, ಹೊರಗೆ ಬರಲಾಗದ ಹಿರಿಯರೊಬ್ಬರ ಮನೆಯಲ್ಲೇ ಅದು ನಡೆದರೆ ಅವರ ಒಂಟಿತನವೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.