ಮೂರು ಪರೀಕ್ಷೆ, ಒಂದು ಕುದುರೆ: ಬೂದಿಕೋಟೆ ಸೀಮೆಯಿಂದ ನೋಡಿದ ಈವೆಂಟಿಂಗ್

ಮೂರು ಪರೀಕ್ಷೆಗಳ ಕುದುರೆ ಸವಾರಿ ಸ್ಪರ್ಧೆಯಾದ ಈವೆಂಟಿಂಗ್ ದುಬಾರಿ ಕ್ರೀಡೆ, ಅಪಾಯದ ಕ್ರೀಡೆ. ನೋಡುಗರಿಗೆ ಒಂದೇ ನೋಟಕ್ಕೆ ದಕ್ಕುವಂಥದ್ದೂ ಅಲ್ಲ. ಆದರೂ ಹಿಡಿದವರು ಇದನ್ನು ಸುಲಭವಾಗಿ ಬಿಡುವುದಿಲ್ಲ. ಆಸ್ಟ್ರೇಲಿಯಾದ ಆ್ಯಂಡ್ರ್ಯೂ ಹೋಯ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎರಡು ಪದಕ ಗೆದ್ದಾಗ ಅವರ ವಯಸ್ಸು 62. ಸವಾರರನ್ನು ಇದಕ್ಕೆ ಕಟ್ಟಿಹಾಕುವುದು ಏನು? ಅವರು ಇದರಲ್ಲಿ ಯಾವುದನ್ನು ಬೆಲೆಯುಳ್ಳದ್ದೆಂದು ಕಾಣುತ್ತಾರೆ? ಈ ಪ್ರಶ್ನೆಯನ್ನು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯ ಕಡೆಯಿಂದ ಕೇಳಿ ನೋಡುವುದು ಈ ಲೇಖನದ ಪ್ರಯತ್ನ. ಚಿನ್ನದ ಗಣಿಯ ನೆರೆಯ ಆ ಊರು ಹೈದರ್ ಅಲಿ ಹುಟ್ಟಿದ ಊರು. ಮೈಸೂರಿನ ಕುದುರೆ ದಂಡಿನ ಚರಿತ್ರೆಯನ್ನು ಅದರ ಹೆಸರೆತ್ತದೆ ಹೇಳುವುದು ಕಷ್ಟ.

ಸವಾರರ ಮೆಚ್ಚುಗೆಯನ್ನು ಅಳೆಯಲು ಅವರ ಮಾತುಗಳಿಗಿಂತ ಕ್ರೀಡೆಯ ನಿಯಮಗಳು ಗಟ್ಟಿ ಸಾಕ್ಷ್ಯವೆಂದು ನಾನು ತಿಳಿದಿದ್ದೇನೆ. ಒಂದು ಸಮುದಾಯ ಯಾವ ತಪ್ಪಿಗೆ ಎಷ್ಟು ದಂಡ ಹಾಕುತ್ತದೆ ಎಂಬುದರಲ್ಲಿ ಅದರ ಮನಸ್ಸು ತಿಳಿಯುತ್ತದೆ. ಈವೆಂಟಿಂಗ್‌ನಲ್ಲಿ ಅಂಕವೆಂದರೆ ದಂಡವೇ. ಕಡಿಮೆ ದಂಡ ಬಿದ್ದವರು ಗೆಲ್ಲುತ್ತಾರೆ. ಮೊದಲ ಪರೀಕ್ಷೆ ಡ್ರೆಸಾಜ್. ಅಳತೆ ಮಾಡಿದ ಅಂಗಳದಲ್ಲಿ ಕುದುರೆ ನಿಗದಿತ ಕ್ರಮದ ನಡೆಗಳನ್ನು ತೋರಬೇಕು. ನೂರಕ್ಕೆ 72 ಗಳಿಸಿದರೆ ದಂಡ 28. ಎರಡನೆಯದು ಕ್ರಾಸ್ ಕಂಟ್ರಿ. ಬಯಲು, ಇಳಿಜಾರು, ಹಳ್ಳ, ನೀರಿನ ಹೊಂಡಗಳ ನಡುವೆ ನಾಟಿದ ತಡೆಗಳನ್ನು ನಾಗಾಲೋಟದಲ್ಲಿ ದಾಟಬೇಕು. ಕುದುರೆ ತಡೆಯ ಮುಂದೆ ಒಮ್ಮೆ ನಿಂತರೆ 20 ದಂಡ, ಅದೇ ತಡೆಯಲ್ಲಿ ಮತ್ತೆ ನಿಂತರೆ 40. ಗೊತ್ತುಮಾಡಿದ ಹೊತ್ತು ಮೀರಿದರೆ ಪ್ರತಿ ಸೆಕೆಂಡಿಗೆ 0.4. ಕೊನೆಯ ಶೋ ಜಂಪಿಂಗ್‌ನಲ್ಲಿ ಒಂದು ಕಂಬ ಬಿದ್ದರೆ 4.

ಈ ಅಂಕಿಗಳನ್ನು ಎದುರುಬದುರು ಇಟ್ಟು ನೋಡಬೇಕು. ಕಂಬ ಬೀಳಿಸುವುದು ಅಜಾಗರೂಕತೆ. ಅದಕ್ಕೆ ದಂಡ ನಾಲ್ಕೇ. ಕುದುರೆ ಒಲ್ಲೆನೆಂದು ನಿಲ್ಲುವುದಕ್ಕೆ ಅದರ ಐದು ಪಟ್ಟು. ಅಂದರೆ ಈ ಕ್ರೀಡೆ ಅತಿ ಭಾರವಾಗಿ ತೂಗುವುದು ಕುದುರೆಯ ಒಪ್ಪಿಗೆಯನ್ನು. ಡ್ರೆಸಾಜ್‌ನಲ್ಲಿ ಕುದುರೆ ಹೇಳಿದ್ದಷ್ಟನ್ನೇ ಮಾಡಬೇಕು, ಒಂದು ಹೆಜ್ಜೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಕ್ರಾಸ್ ಕಂಟ್ರಿಯಲ್ಲಿ ಅದೇ ಕುದುರೆ ಹೇಳದಿದ್ದದ್ದನ್ನೂ ತಾನಾಗಿ ಮಾಡಬೇಕು: ಕಾಲು ಜಾರಿದಾಗ ಸಾವರಿಸಿಕೊಳ್ಳಬೇಕು, ಸವಾರರ ಲೆಕ್ಕ ತಪ್ಪಿದಾಗ ತಾನೇ ಒಂದು ಹೆಜ್ಜೆ ಸೇರಿಸಿ ನೆಗೆಯಬೇಕು. ವಿಧೇಯತೆ ಮತ್ತು ಸ್ವಂತ ಬುದ್ಧಿ ಎರಡೂ ಒಂದೇ ಪ್ರಾಣಿಯಲ್ಲಿ ಉಳಿಯುವಂತೆ ವರ್ಷಗಟ್ಟಲೆ ಸಾಕುವುದು, ಕಲಿಸುವುದು ಇದೆಯಲ್ಲ, ಸವಾರರು ಬೆಲೆ ಕೊಡುವುದು ಅದಕ್ಕೆ. ಪದಕ ಆಮೇಲಿನ ಮಾತು.

ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಸುತ್ತಲಿನದು ಬಹುಪಾಲು ಅದಕ್ಕೆ ಕಾಣುತ್ತದೆ, ಹಣೆಯ ನೇರ ಮುಂದಿನ ಮತ್ತು ನೇರ ಹಿಂದಿನ ಸ್ವಲ್ಪ ಜಾಗ ಮಾತ್ರ ಕಾಣುವುದಿಲ್ಲ. ನೆಗೆಯುವ ಕೊನೆಯ ಗಳಿಗೆಯಲ್ಲಿ ತಡೆ ಅದರ ನೋಟದಿಂದ ಮರೆಯಾಗುತ್ತದೆ. ಬಿಸಿಲಿನಿಂದ ಮರಗಳ ನೆರಳಿಗೆ ನುಗ್ಗುವ ಕಡೆ ಅದರ ಕಣ್ಣು ಹೊಂದಿಕೊಳ್ಳಲು ಮನುಷ್ಯರ ಕಣ್ಣಿಗಿಂತ ಹೆಚ್ಚು ಹೊತ್ತು ಬೇಕು. ನೀರಿನ ಆಳ ಅದಕ್ಕೆ ಗೊತ್ತಿಲ್ಲ. ಸವಾರರಿಗೆ ಗೊತ್ತು, ಏಕೆಂದರೆ ಹಿಂದಿನ ದಿನಗಳಲ್ಲಿ ಅವರು ಆ ದಾರಿಯನ್ನು ಕಾಲ್ನಡಿಗೆಯಲ್ಲಿ ಮತ್ತೆ ಮತ್ತೆ ನಡೆದು, ಎರಡು ತಡೆಗಳ ನಡುವಿನ ಅಂತರವನ್ನು ಹೆಜ್ಜೆಯಲ್ಲಿ ಅಳೆದು, ಇಳಿಜಾರಿನ ಓಟ ಎಲ್ಲಿ ತಿರುಗುತ್ತದೆಂದು ಗುರುತು ಹಾಕಿಕೊಂಡಿರುತ್ತಾರೆ. ಕುದುರೆಗೆ ಆ ನಡಿಗೆಯ ಭಾಗ್ಯವಿಲ್ಲ. ಅದು ಆ ತಡೆಗಳನ್ನು ಮೊದಲ ಬಾರಿ ನೋಡುವುದು ಪೂರ್ಣ ವೇಗದಲ್ಲಿದ್ದಾಗಲೇ. ತಿಳಿದವರು ಜೀನಿನ ಮೇಲಿದ್ದಾರೆ, ನೆಗೆಯಬೇಕಾದದ್ದು ಕೆಳಗಿದೆ. ನಡುವೆ ಇರುವುದು ಲಗಾಮು, ರಿಕಾಪು ಮತ್ತು ನಂಬಿಕೆ. ಓಟ ಮುಗಿಸಿ ಬಂದ ಸವಾರರು ಇನ್ನೂ ಹೊರಡದ ಪ್ರತಿಸ್ಪರ್ಧಿಗೆ ಯಾವ ತಡೆ ಹೇಗೆ ಬಂತು, ನೆಲ ಎಲ್ಲಿ ಜಾರುತ್ತದೆ ಎಂದು ಹೇಳುವ ವಾಡಿಕೆ ಈ ಕ್ರೀಡೆಯಲ್ಲಿದೆ. ಸ್ಪರ್ಧೆ ದಾರಿಯ ವಿರುದ್ಧ, ಒಬ್ಬರ ವಿರುದ್ಧ ಇನ್ನೊಬ್ಬರದಲ್ಲ ಎಂಬ ಭಾವನೆ ಅದರ ಹಿಂದಿದೆ.

ಈ ಪರೀಕ್ಷೆಯ ಬೇರು ಸೇನೆಯಲ್ಲಿದೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಇದು ಮೊದಲು ಸೇರಿದಾಗ ಭಾಗವಹಿಸಿದವರೆಲ್ಲ ಸೇನಾಧಿಕಾರಿಗಳು. ಮೆರವಣಿಗೆಯಲ್ಲಿ ಗಂಭೀರವಾಗಿ ನಡೆಯುವ ಕುದುರೆ ಸುದ್ದಿ ಹೊತ್ತು ದೂರ ಓಡಬಲ್ಲದೇ, ಮರುದಿನವೂ ಕೆಲಸಕ್ಕೆ ಬರುತ್ತದೆಯೇ ಎಂಬುದು ಆಗಿನ ಪ್ರಶ್ನೆ. 1964ರಲ್ಲಿ ಮಹಿಳೆಯರಿಗೆ ಅವಕಾಶ ಸಿಕ್ಕಿತು. ಟೋಕಿಯೊದಲ್ಲಿ ಜರ್ಮನಿಯ ಯೂಲಿಯಾ ಕ್ರಾಯೆವ್‌ಸ್ಕಿ ಈ ವಿಭಾಗದ ವೈಯಕ್ತಿಕ ಚಿನ್ನ ಗೆದ್ದ ಮೊದಲ ಮಹಿಳೆಯಾದರು. ಹೆಣ್ಣು ಗಂಡೆಂಬ ಭೇದವಿಲ್ಲದೆ ಒಂದೇ ಕಣದಲ್ಲಿ ಸೆಣಸುವ ಒಲಿಂಪಿಕ್ ಕ್ರೀಡೆಗಳು ಬಹಳ ಇಲ್ಲ. ಈಚಿನವರೆಗೂ ಕ್ರಾಸ್ ಕಂಟ್ರಿಯ ಮುನ್ನ ಮೈಲಿಗಟ್ಟಲೆ ರಸ್ತೆ ಓಟವೂ ಸ್ಟೀಪಲ್‌ಚೇಸ್ ಓಟವೂ ಇದ್ದವು. 2004ರ ಅಥೆನ್ಸ್ ಒಲಿಂಪಿಕ್ಸ್‌ನಿಂದ ಅವನ್ನು ಕೈಬಿಡಲಾಯಿತು.

ಬೂದಿಕೋಟೆಯ ಮಾತು ಇಲ್ಲಿ ಬರುತ್ತದೆ. ಬಂಗಾರಪೇಟೆಯಿಂದ ಸುಮಾರು 15 ಕಿಲೋಮೀಟರ್ ದೂರದ ಈ ಕೋಟೆಯೂರಿನಲ್ಲಿ 1720ರ ಆಸುಪಾಸಿನಲ್ಲಿ ಹೈದರ್ ಹುಟ್ಟಿದ. ತಂದೆ ಫತೇ ಮಹಮ್ಮದ್ ಶಿರಾದ ನವಾಬನ ಕೈಕೆಳಗೆ ಕೋಲಾರದ ಫೌಜುದಾರನಾಗಿದ್ದವನು. ಅವನ ಗೋರಿ ಕೋಲಾರದಲ್ಲೇ ಇದೆ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಮೈಸೂರಿನ ಮೇಲಧಿಕಾರಿಗಳ ಕಣ್ಣಿಗೆ ಬಿದ್ದ ಹೈದರನಿಗೆ 50 ಕುದುರೆ, 200 ಕಾಲಾಳುಗಳ ನಾಯಕತ್ವ ದೊರೆಯಿತು. ಇಪ್ಪತ್ತು ವರ್ಷಗಳ ತರುವಾಯ, 1769ರ ಮಾರ್ಚಿನಲ್ಲಿ, ಭಾರವಾದ ಸರಂಜಾಮನ್ನೆಲ್ಲ ಹಿಂದೆ ಬಿಟ್ಟು ಸುಮಾರು 6,000 ಸವಾರರೊಡನೆ ಮೂರೂವರೆ ದಿನದಲ್ಲಿ 130 ಮೈಲಿ ಕ್ರಮಿಸಿ ಅವನು ಮದರಾಸಿನ ಬಾಗಿಲಿಗೆ ಬಂದನೆಂದು ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯಲ್ಲಿ ದಾಖಲಿಸಿದ್ದಾನೆ. ಇಂಗ್ಲಿಷರು ಏಪ್ರಿಲಿನಲ್ಲಿ ಒಪ್ಪಂದಕ್ಕೆ ಬಂದರು. ಹಳೆಯ ಈವೆಂಟಿಂಗ್‌ನ ರಸ್ತೆ ಓಟ ಪರೀಕ್ಷಿಸುತ್ತಿದ್ದ ಗುಣಗಳೆಲ್ಲ ಈ ಪಯಣದಲ್ಲಿವೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ವಾದಿಸಲು ಆಧಾರವಿಲ್ಲ. ನಾನು ಹಾಗೆ ವಾದಿಸುವುದೂ ಇಲ್ಲ. ಕುದುರೆಯಿಂದ ಮನುಷ್ಯರು ಏನು ಬಯಸಿದರು ಎಂಬುದರಲ್ಲಿ ಎರಡೂ ಕೂಡುತ್ತವೆ.

ಒಂದು ವ್ಯತ್ಯಾಸವೂ ಅಷ್ಟೇ ಮುಖ್ಯ. ಮೈಸೂರಿನ ದಂಡಿನಲ್ಲಿ ಎರಡು ಬಗೆಯ ಸವಾರರಿದ್ದರು. ಸಿಲೇದಾರ ಸ್ವಂತ ಕುದುರೆ ತಂದು ಸಂಬಳಕ್ಕೆ ನಿಲ್ಲುವವನು. ಬಾರಗೀರ ಸರ್ಕಾರದ ಅಥವಾ ಬೇರೆ ಒಡೆಯನ ಕುದುರೆ ಏರುವವನು. ಸಿಲೇದಾರನಿಗೆ ಕುದುರೆಯೇ ಆಸ್ತಿ. ಹುರುಳಿ ಬೇಯಿಸಿ ಹಾಕುವುದರಿಂದ ಹಿಡಿದು ಲಾಳ ಕಟ್ಟಿಸುವವರೆಗೆ ಎಲ್ಲವೂ ಅವನ ಹೊಣೆ. ಕುದುರೆ ಸತ್ತರೆ ಹೊಟ್ಟೆಪಾಡೂ ಹೋಯಿತು. ಅದಕ್ಕೇ ಸಿಲೇದಾರರು ಕಾಳಗದಲ್ಲಿ ಕುದುರೆಯನ್ನು ಕಾಪಾಡಿಕೊಳ್ಳಲು ನೋಡುತ್ತಾರೆ, ಮುನ್ನುಗ್ಗಲು ಹಿಂಜರಿಯುತ್ತಾರೆ ಎಂಬ ದೂರು ದಕ್ಷಿಣದ ಸೇನೆಗಳಲ್ಲಿ ಇತ್ತು. ಇಂದಿನ ಉನ್ನತ ಮಟ್ಟದ ಈವೆಂಟಿಂಗ್ ಸವಾರರು ಬಹುಪಾಲು ಬಾರಗೀರರು. ಕುದುರೆ ಪೋಷಕರದ್ದೋ ಸಂಸ್ಥೆಯದ್ದೋ ಸೇನೆಯದ್ದೋ ಆಗಿರುತ್ತದೆ. ಆದರೆ ಅವರ ನಡವಳಿಕೆ ಸಿಲೇದಾರನದು. ಕುದುರೆ ದಣಿದದ್ದು ಕಂಡರೆ, ಗೆಲುವು ಕೈಯಳತೆಯಲ್ಲಿದ್ದರೂ, ಕೈ ಎತ್ತಿ ಓಟ ನಿಲ್ಲಿಸುವ ಸವಾರರಿಗೆ ಈ ವಲಯದಲ್ಲಿ ದೊಡ್ಡ ಮರ್ಯಾದೆ. ದಣಿದ ಕುದುರೆಯನ್ನು ಒತ್ತಾಯದಿಂದ ಓಡಿಸುವುದು ನಿಯಮದ ಪ್ರಕಾರವೂ ಅಪರಾಧ. ಆಸ್ತಿಯ ಭಯ ಹೋದ ಮೇಲೂ ಕಾಳಜಿ ಉಳಿದಿದೆ.

ಕನ್ನಡ ನಾಡಿನ ಹಳೆಯ ಅಶ್ವವಿದ್ಯೆಯ ಜೊತೆಗಿಟ್ಟರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕುದುರೆಯ ವೈಹಾಳಿ (ಸವಾರಿ) ಅರಸನ ವಿನೋದಗಳಲ್ಲಿ ಒಂದು. ಕನ್ನಡದಲ್ಲಿ ಅಭಿನವಚಂದ್ರನ ಅಶ್ವವೈದ್ಯವಿದೆ, ಹಯಸಾರ ಸಮುಚ್ಚಯವಿದೆ. ಅಶ್ವಶಾಸ್ತ್ರದ ಪರಂಪರೆ ಕುದುರೆಯ ಬಣ್ಣ, ಮೈಮೇಲಿನ ಸುಳಿ, ಹಲ್ಲು, ಲಕ್ಷಣಗಳಿಗೆ ಬಹಳ ಬೆಲೆ ಕೊಡುತ್ತದೆ. ಎತ್ತಿನ ಜಾತ್ರೆಗಳಲ್ಲಿ ಸುಳಿ ನೋಡಿ ಬೆಲೆ ಕಟ್ಟುವ ಹಿರಿಯರು ಈಗಲೂ ಇದ್ದಾರೆ. ಈವೆಂಟಿಂಗ್ ಲಕ್ಷಣವನ್ನು ನಂಬುವುದಿಲ್ಲ. ತಳಿಯ ಕಾಗದವೂ ಅಲ್ಲಿ ಅಂಕ ತರುವುದಿಲ್ಲ. ಸೊಗಸಾದ ಕುದುರೆ ಮೊದಲ ದಿನ ಮುಂದಿರಬಹುದು, ಎರಡನೆಯ ದಿನ ನೀರಿನ ಮುಂದೆ ನಿಂತುಬಿಡಬಹುದು. ಮೂರೂ ದಿನ ಕುದುರೆ ಬದಲಾಗುವಂತಿಲ್ಲ, ಸವಾರರೂ ಬದಲಾಗುವಂತಿಲ್ಲ. ಬಚ್ಚಿಡಲು ಏನೂ ಉಳಿಯುವುದಿಲ್ಲ.

ನಮಗೆ ಸಮೀಪದ ನಿದರ್ಶನ ಬೆಂಗಳೂರಿನ ಫವಾದ್ ಮಿರ್ಜಾ. ತಂದೆ ಕುದುರೆಗಳ ವೈದ್ಯರು. ಎಂಬೆಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್‌ನ ಆಶ್ರಯದಲ್ಲಿ ಬೆಳೆದ ಅವರು 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆಯೊಡನೆ ಡ್ರೆಸಾಜ್ ಮತ್ತು ಕ್ರಾಸ್ ಕಂಟ್ರಿ ಮುಗಿದಾಗ 22.40 ದಂಡದೊಂದಿಗೆ ಮೊದಲಿಗರಾಗಿದ್ದರು. ಕೊನೆಗೆ ನಿಂತದ್ದು 26.40ಕ್ಕೆ. ಜಪಾನಿನ ಯೋಶಿಯಾಕಿ ಓಯಿವಾ 22.70ರಲ್ಲಿ ಚಿನ್ನ ಗೆದ್ದರು. ಫವಾದ್ ಅವರ 22.40 ಮತ್ತು 26.40ರ ನಡುವಿನ ನಾಲ್ಕು ಒಂದು ಕಂಬದ ಬೆಲೆ. ಸಿಕ್ಕದ್ದು ಬೆಳ್ಳಿಯಾದರೂ ಅದು 1982ರ ಬಳಿಕ ಏಷ್ಯಾಡ್ ಕುದುರೆ ಸವಾರಿಯಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ. ರಾಕೇಶ್ ಕುಮಾರ್, ಆಶಿಶ್ ಮಲಿಕ್, ಜಿತೇಂದರ್ ಸಿಂಗ್ ಜೊತೆಗೂಡಿ ತಂಡಕ್ಕೂ ಬೆಳ್ಳಿ ಬಂತು. 1982ರ ದೆಹಲಿ ಕೂಟದಲ್ಲಿ ಈವೆಂಟಿಂಗ್ ಚಿನ್ನ ಗೆದ್ದ ರಘುಬೀರ್ ಸಿಂಗ್ 61ನೇ ಅಶ್ವದಳದ ಸವಾರ.

ಟೋಕಿಯೊದಲ್ಲಿ ಫವಾದ್ ಅದೇ ಕುದುರೆಯೊಡನೆ ಡ್ರೆಸಾಜ್‌ನಲ್ಲಿ 28.00, ಕ್ರಾಸ್ ಕಂಟ್ರಿಯಲ್ಲಿ ಹೊತ್ತು ಮೀರಿದ್ದಕ್ಕೆ 11.20, ಜಿಗಿತದ ಎರಡು ಸುತ್ತುಗಳಲ್ಲಿ 8 ಮತ್ತು 12.40 ಪಡೆದು 59.60ರೊಂದಿಗೆ 23ನೆಯವರಾದರು. ಪತ್ರಿಕೆಗಳು ಬರೆದದ್ದು ಸ್ಥಾನದ ಬಗ್ಗೆ. ನನಗೆ ಮುಖ್ಯವಾಗಿ ಕಾಣುವುದು 11.20. ಅದು 28 ಸೆಕೆಂಡುಗಳ ತಡ. ತಡೆಯ ಮುಂದೆ ನಿಂತದ್ದಕ್ಕೆ ಬಿದ್ದ ದಂಡ ಒಂದೂ ಅದರಲ್ಲಿಲ್ಲ. ಗಾಯಗೊಂಡು, ಶಸ್ತ್ರಚಿಕಿತ್ಸೆಯಾಗಿ ಕಣಕ್ಕೆ ಮರಳಿದ್ದ ಕುದುರೆ ಒಲಿಂಪಿಕ್ಸ್‌ನ ದಾರಿಯಲ್ಲಿ ಎಲ್ಲಿಯೂ ಒಲ್ಲೆ ಎನ್ನಲಿಲ್ಲ. ಸವಾರರ ಕಣ್ಣಿನಲ್ಲಿ ಅದರ ಬೆಲೆ ದೊಡ್ಡದು.

ಅದೇ ದಿನ, ಅದೇ ದಾರಿಯಲ್ಲಿ ಸ್ವಿಟ್ಜರ್ಲೆಂಡಿನ ಜೆಟ್ ಸೆಟ್ ಎಂಬ ಕುದುರೆಯ ಕಾಲಿನ ಅಸ್ಥಿರಜ್ಜು ಹರಿದು, ಅದನ್ನು ದಯಾಮರಣಕ್ಕೆ ಒಪ್ಪಿಸಬೇಕಾಯಿತು. ಈವೆಂಟಿಂಗ್‌ನ ಪ್ರೀತಿಯ ಕುರಿತು ಬರೆಯುವವರು ಇದನ್ನು ಬದಿಗೆ ತಳ್ಳುವಂತಿಲ್ಲ. ಒಪ್ಪಿಗೆ ಕೊಡುವ ಪ್ರಾಣಿಗೆ ಅಪಾಯದ ಅರಿವಿಲ್ಲ; ಆದ್ದರಿಂದ ಹೊಣೆ ಅರಿವಿರುವವರ ಮೇಲೇ ಬೀಳುತ್ತದೆ. ಬಲವಾಗಿ ತಗುಲಿದರೆ ತಾನೇ ಮುರಿದು ತಡೆಯನ್ನು ಕೆಡವುವ ಪಿನ್ನುಗಳು ಬಂದದ್ದು, ದಾರಿಯ ವಿನ್ಯಾಸ ಬದಲಾದದ್ದು ಈ ಹೊಣೆಯಿಂದ. ಅಷ್ಟು ಸಾಕೆಂದು ನನಗನಿಸುವುದಿಲ್ಲ.

ಪಶುವೈದ್ಯರ ತಪಾಸಣೆಯನ್ನೂ ಇಲ್ಲಿ ನೋಡಬೇಕು. ದೊಡ್ಡ ಕೂಟಗಳಲ್ಲಿ ಮೊದಲ ಪರೀಕ್ಷೆಯ ಮುನ್ನ ಒಮ್ಮೆ, ಕೊನೆಯ ಜಿಗಿತದ ಮುನ್ನ ಇನ್ನೊಮ್ಮೆ ಕುದುರೆಗಳನ್ನು ಗಟ್ಟಿ ನೆಲದ ಮೇಲೆ ಓಡಿಸಿ ತೋರಿಸಬೇಕು. ಮೈ ಮಿರುಗುವಂತೆ ಉಜ್ಜಿ, ಜೂಲು ಹೆಣೆದು, ಜೀನಿಲ್ಲದ ಕುದುರೆಯ ಲಗಾಮು ಹಿಡಿದು ಸವಾರರು ಪಕ್ಕದಲ್ಲಿ ಓಡುತ್ತಾರೆ. ತೀರ್ಪುಗಾರರೂ ವೈದ್ಯರೂ ಕಣ್ಣಿನಷ್ಟೇ ಕಿವಿಯನ್ನೂ ತೆರೆದಿಟ್ಟಿರುತ್ತಾರೆ. ಲಾಳದ ಸದ್ದು ಸಮನಾಗಿ ಕೇಳಬೇಕು. ಒಂದು ಗೊರಸು ಮೆತ್ತಗೆ ಬಿದ್ದರೂ ಕುದುರೆಯನ್ನು ಪಕ್ಕಕ್ಕೆ ನಿಲ್ಲಿಸಿ ಮತ್ತೆ ಪರೀಕ್ಷಿಸುತ್ತಾರೆ. ಮೊದಲ ಸ್ಥಾನದಲ್ಲಿದ್ದವರೂ ಅಲ್ಲಿಂದಲೇ ಮನೆಗೆ ಹೋಗಬೇಕಾಗಬಹುದು.

ಬಂಗಾರಪೇಟೆ, ಚಿನ್ನದ ಗಣಿಯ ಕೆಜಿಎಫ್‌ಗಳಿಗೆ ಮರಳಿದರೆ ಕುದುರೆ ಕಾಣುವುದಿಲ್ಲ. ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿದ್ದ ಬಂಗಾರಪೇಟೆಯಿಂದ ಗಣಿ ಪ್ರದೇಶದ ಮಾರಿಕುಪ್ಪಂವರೆಗೆ 1894ರಲ್ಲಿ ರೈಲು ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಗಣಿಗೆ ಹರಿಯಿತು. ಗಣಿಯ ಕಾಲದ ಕ್ಲಬ್ಬು, ಗಾಲ್ಫ್ ಮೈದಾನ ಅಧಿಕಾರಿಗಳ ಪಾಲಿನವು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಸಾವಿರಾರು ಜನ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕುದುರೆ ಸಾಕುವ ಖರ್ಚು ಅಂಥ ಮನೆಗಳ ಲೆಕ್ಕಕ್ಕೆ ಬಾರದ್ದು. ಆದರೆ ಮೈಸೂರು ಸಂಸ್ಥಾನದ ಕುದುರೆ ದಂಡಾದ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾದ ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳ ಮೇಲೆರಗಿದಾಗ ಕುದುರೆ ಏರಲು ಸಿರಿವಂತಿಕೆ ಬೇಕಿರಲಿಲ್ಲ, ದಂಡಿಗೆ ಸೇರಿದರೆ ಸಾಕಿತ್ತು. ಇಂದೂ ಹತ್ತಿರದ ದಾರಿ ಅದೇ ಜಾಡಿನದು: ಸೇನೆ, ದಸರಾ ಮೆರವಣಿಗೆಯಲ್ಲಿ ನಾವೆಲ್ಲ ನೋಡುವ ಮೈಸೂರಿನ ಪೊಲೀಸ್ ಅಶ್ವಾರೋಹಿ ದಳ, ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿರುವ ಎನ್‌ಸಿಸಿ ಕುದುರೆ ಘಟಕ.

ಭಾರತದ ಕುದುರೆಗಳನ್ನು ರೋಗಭೀತಿಯಿಂದ ಯುರೋಪಿಗೆ ನೇರವಾಗಿ ಬಿಟ್ಟುಕೊಳ್ಳುತ್ತಿರಲಿಲ್ಲವಾದ್ದರಿಂದ ನಮ್ಮ ಸವಾರರು ಜರ್ಮನಿಯಂಥ ಕಡೆ ನೆಲೆಸಿ, ಅಲ್ಲಿಯ ಕುದುರೆಗಳೊಡನೆ ಸ್ಪರ್ಧಿಸುತ್ತ ಬಂದಿದ್ದಾರೆ. ಫವಾದ್ ಅವರ ತರಬೇತಿಯೂ ಬೆಟಿನಾ ಹೋಯ್, ಸಾಂಡ್ರಾ ಔಫಾರ್ತ್ ಅವರ ಕೈಯಲ್ಲಿ ಅಲ್ಲೇ ನಡೆಯಿತು. ಕುದುರೆಯೊಡನೆ ವರ್ಷಗಟ್ಟಲೆ ಬದುಕುವುದೇ ಈ ಕ್ರೀಡೆಯ ಸಾರವಾಗಿರುವಾಗ, ಆ ಬದುಕು ಪರದೇಶದಲ್ಲೇ ನಡೆಯಬೇಕಾಗಿರುವುದು ನಮ್ಮ ಸವಾರರ ನಿಜವಾದ ಕೊರತೆ. ಈ ತೊಡಕು ಬಿಡಿಸುವ ದಾರಿಯಾಗಿ ಮೀರತ್‌ನ ಸೇನಾ ಕೇಂದ್ರದ ಕುದುರೆ ರೋಗಮುಕ್ತ ವಲಯಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ದೊರೆತಿದೆ. ಕುಣಿಗಲ್ಲಿನಂಥ ಹಳೆಯ ಕುದುರೆ ಫಾರಂ ಇರುವ, ರೈಡಿಂಗ್ ಶಾಲೆಗಳಿರುವ ಕರ್ನಾಟಕದಲ್ಲಿಯೂ ಅಂಥ ವಲಯವೊಂದು ಆಗಬೇಕು. ಅದಕ್ಕೆ ಸೇರಿದಂತೆ ಸರ್ಕಾರಿ ಲಾಯವೊಂದು ಕೋಲಾರದ ಮಕ್ಕಳಿಗೆ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿರಬೇಕು.